ಒಂಬತ್ತನೇ ದಿನ ಬಂದ ಮೇಷ್ಟ್ರು

ಮೂವತ್ತೊಂದು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾಗಿದ್ದೇನೆ. ಕ್ಲರ್ಕ್ ಆಗಿ ಸೇರಿದ ಹೊಸತರಲ್ಲಿ ದಪ್ಪ ಲೆಡ್ಜರ್ ಪುಸ್ತಕಗಳಲ್ಲಿ ಕೈಯಿಂದ ಬರೆಯುತ್ತಿದ್ದೆವು. ಕೊನೆಯ ಎಂಟು ವರ್ಷ ಹಾಸನ, ತುಮಕೂರು ಜಿಲ್ಲೆಗಳ ಎರಡು ಸಣ್ಣ ಊರುಗಳಲ್ಲಿ ಮ್ಯಾನೇಜರ್ ಆಗಿದ್ದೆ. ಬೆಳೆ ಸಾಲ, ಚಿನ್ನದ ಸಾಲ, ಪಿಂಚಣಿ, ಗೃಹಲಕ್ಷ್ಮಿ ದುಡ್ಡು ಬಂತೇ ಎಂದು ಕೇಳಲು ಬರುವ ಹೆಂಗಸರು, ಇವರೆಲ್ಲರ ನಡುವೆ ವಾರಕ್ಕೊಬ್ಬರಾದರೂ ನನ್ನ ಮೇಜಿನ ಮುಂದೆ ಬಂದು ಕೂತು, "ಮೇಡಂ, ದುಡ್ಡು ಹೋಯ್ತು" ಎನ್ನುತ್ತಿದ್ದರು. ಕಳ್ಳತನ ನಡೆದ ಬಗೆ ಪ್ರತಿ ಸಲ ಸ್ವಲ್ಪ ಬೇರೆ ಇರುತ್ತಿತ್ತು. ಕೂತವರ ಮುಖ ಮಾತ್ರ ಒಂದೇ ಥರ. ಅವರಿಂದ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಹಣ ಕಳೆದುಕೊಂಡು ಬಂದವರನ್ನು ಬೈಯಬಾರದು

2022ರ ಬೇಸಿಗೆ. ನಿವೃತ್ತ ಮೇಷ್ಟ್ರೊಬ್ಬರು ಮಧ್ಯಾಹ್ನ ಗಿರಾಕಿಗಳು ಕಡಿಮೆಯಾಗುವವರೆಗೂ ಬೆಂಚಿನ ಮೇಲೆ ಕಾದಿದ್ದು, ಆಮೇಲೆ ಒಳಗೆ ಬಂದರು. ಅವರ ಮೊಬೈಲಿಗೆ ಒಂದು ಮೆಸೇಜು ಬಂದಿತ್ತು. ಕೆವೈಸಿ ಅವಧಿ ಮುಗಿದಿದೆ, ಇವತ್ತು ಸಂಜೆಯೊಳಗೆ ಸರಿ ಮಾಡಿಕೊಳ್ಳದಿದ್ದರೆ ಎಟಿಎಂ ಕಾರ್ಡ್ ಬಂದ್ ಆಗುತ್ತದೆ ಎಂದಿತ್ತು. ಕೆಳಗಿದ್ದ ಲಿಂಕ್ ಒತ್ತಿದರೆ ನಮ್ಮ ಬ್ಯಾಂಕಿನದೇ ಬಣ್ಣ, ನಮ್ಮದೇ ಲಾಂಛನ. ಕಾರ್ಡಿನ ಹದಿನಾರು ಅಂಕಿ, ಹಿಂಬದಿಯ ಮೂರು ಅಂಕಿ, ಒಟಿಪಿ, ಎಲ್ಲ ತುಂಬಿದ್ದಾರೆ. "ಸರ್ವರ್ ತೊಂದರೆ, ಮತ್ತೊಮ್ಮೆ ಹಾಕಿ" ಎಂದು ಬಂದಾಗಲೆಲ್ಲ ಇನ್ನೊಂದು ಒಟಿಪಿ ಹಾಕಿದ್ದಾರೆ. ಮೂರು ಸಲ ಹಾಕಿದ್ದಾರೆ, ಮೂರು ಸಲವೂ ಹಣ ಹೋಗಿದೆ.

ಕಂಪ್ಯೂಟರಿನಲ್ಲಿ ತಾರೀಖು ನೋಡಿದೆ. ಒಂಬತ್ತು ದಿನ ಹಿಂದಿನದು.

ನನಗೆ ತಡೆಯಲಾಗಲಿಲ್ಲ. "ಊರಿನ ಮಕ್ಕಳಿಗೆಲ್ಲ ಪಾಠ ಹೇಳಿದವರು ನೀವು. ನೀವೇ ಹಿಂಗೆ ಮಾಡಿದ್ರೆ ಹೆಂಗೆ ಮೇಷ್ಟ್ರೇ? ಒಟಿಪಿ ಕೊಡಬೇಡಿ ಅಂತ ಗೋಡೆ ಮೇಲೆಲ್ಲ ಅಂಟಿಸಿದೀವಲ್ಲ?" ಅಂದುಬಿಟ್ಟೆ.

ಅವರು ಪಾಸ್‌ಬುಕ್ ಮಡಚಿ ಜೇಬಿಗಿಟ್ಟುಕೊಂಡು, "ಇದನ್ನ ಕೇಳಬೇಕಾಗುತ್ತೆ ಅಂತಾನೇ ಇಷ್ಟು ದಿನ ಬರ್ಲಿಲ್ಲ ಮೇಡಂ" ಎಂದರು. ಮನೆಯಲ್ಲಿ ಹೆಂಡತಿಗೂ ಹೇಳಿರಲಿಲ್ಲ.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಒಂಬತ್ತು ದಿನದಲ್ಲಿ ಆ ಹಣ ಎಷ್ಟೋ ಖಾತೆ ದಾಟಿ ಹೋಗಿತ್ತು. ಮೊದಲ ದಿನವೇ ಬಂದಿದ್ದರೆ ಅದರಲ್ಲಿ ಒಂದಷ್ಟಾದರೂ ನಿಲ್ಲಿಸಬಹುದಿತ್ತು. ಅವರನ್ನು ತಡೆದದ್ದು ನಾಚಿಕೆ. ಆ ನಾಚಿಕೆ ಹುಟ್ಟಿಸಿದವರಲ್ಲಿ ನಾನೂ ಒಬ್ಬಳು. ಅದಕ್ಕಿಂತ ಮೊದಲು ಎಷ್ಟು ಜನರಿಗೆ, ಎಷ್ಟು ಜನರ ಎದುರಿಗೆ ಹೀಗೇ ಅಂದಿದ್ದೆನೋ. ಕಾರ್ಡಿನ ಬಗ್ಗೆ, ಪಿನ್ನಿನ ಬಗ್ಗೆ ಮುಂದೆ ಹೇಳುವುದೆಲ್ಲ ಈ ಪಾಠದ ನಂತರದ್ದು. ಮನೆಯಲ್ಲಿ ಅಪ್ಪ, ಅಮ್ಮ, ಮಗ, ಸೊಸೆ ಯಾರೇ ಮೋಸ ಹೋಗಲಿ, ಅದನ್ನು ಹೇಳಿಕೊಳ್ಳಲು ಹೆದರುವಂತಿದ್ದರೆ ಉಳಿದ ಯಾವ ಎಚ್ಚರಿಕೆಯೂ ಕೆಲಸಕ್ಕೆ ಬರುವುದಿಲ್ಲ.

2. ಮೊದಲ ಗಂಟೆಯ ಕೆಲಸಗಳನ್ನು ಮೊದಲೇ ತಿಳಿದಿರಬೇಕು

ಹಣ ಹೋದ ಕೂಡಲೇ ಕೈಕಾಲು ಆಡುವುದಿಲ್ಲ. ಆ ಹೊತ್ತಿನಲ್ಲಿ ಹೊಸದಾಗಿ ಯೋಚಿಸುವುದು ಆಗದ ಮಾತು. ಅದಕ್ಕೇ ನನ್ನ ಗಿರಾಕಿಗಳಿಗೆ ಪಾಸ್‌ಬುಕ್ಕಿನ ಹಿಂಬದಿಯ ರಟ್ಟಿನ ಮೇಲೆ ಬರೆದುಕೊಡುತ್ತಿದ್ದೆ.

ಮೊದಲು ಕಾರ್ಡ್ ಬ್ಲಾಕ್ ಮಾಡಿಸಿ. ಬ್ಯಾಂಕಿನ ಆ್ಯಪ್ ಇದ್ದರೆ ಅದರಲ್ಲೇ ಆಗುತ್ತದೆ. ಇಲ್ಲದಿದ್ದರೆ ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ಫೋನ್ ಮಾಡಿ. ಆ ನಂಬರನ್ನು ಬೇರೆ ಕಡೆಯೂ ಬರೆದಿಟ್ಟಿರಬೇಕು, ಕಾರ್ಡೇ ಕಳೆದುಹೋದಾಗ ಅದರ ಹಿಂಬದಿ ಎಲ್ಲಿಂದ ನೋಡುತ್ತೀರಿ? ಇಲ್ಲೊಂದು ಸೂಕ್ಷ್ಮವಿದೆ. ಕಾರ್ಡ್ ಬ್ಲಾಕ್ ಆದರೆ ಕಾರ್ಡ್ ಮಾತ್ರ ನಿಲ್ಲುತ್ತದೆ. ಕಳ್ಳ ಅಷ್ಟರಲ್ಲಿ ನಿಮ್ಮ ಹೆಸರಿನಲ್ಲಿ ಯುಪಿಐ ಅಥವಾ ನೆಟ್ ಬ್ಯಾಂಕಿಂಗ್ ಶುರು ಮಾಡಿಕೊಂಡಿದ್ದರೆ ಹಣ ಹೋಗುತ್ತಲೇ ಇರುತ್ತದೆ. ಆದ್ದರಿಂದ "ಕಾರ್ಡ್ ಬ್ಲಾಕ್ ಮಾಡಿ, ಯುಪಿಐ, ನೆಟ್ ಬ್ಯಾಂಕಿಂಗ್ ಕೂಡ ನಿಲ್ಲಿಸಿ, ಖಾತೆಗೆ ಡೆಬಿಟ್ ಫ್ರೀಜ್ ಹಾಕಿ" ಎಂದೇ ಹೇಳಬೇಕು. ಡೆಬಿಟ್ ಫ್ರೀಜ್ ಹಾಕಿದರೆ ಖಾತೆಗೆ ಹಣ ಬರಬಹುದು, ಹೋಗುವಂತಿಲ್ಲ.

ಎರಡನೆಯದು 1930. ಇದು ದೇಶಕ್ಕೆಲ್ಲ ಒಂದೇ ಸೈಬರ್ ವಂಚನೆ ಸಹಾಯವಾಣಿ. ನಿಮ್ಮ ಖಾತೆ ಯಾವ ಬ್ಯಾಂಕಿನದು, ಎಷ್ಟು ಗಂಟೆಗೆ ಎಷ್ಟು ಹೋಯಿತು, ಮೆಸೇಜಿನಲ್ಲಿರುವ ವಹಿವಾಟಿನ ನಂಬರ್ ಯಾವುದು ಎಂದು ಕೇಳುತ್ತಾರೆ. ಅದಕ್ಕೇ ಭಯದಲ್ಲಿ ಮೆಸೇಜು ಅಳಿಸಬೇಡಿ. ಅವರು ದಾಖಲಿಸಿದ ಮಾಹಿತಿ ಹಣ ಹೋಗಿ ಸೇರಿದ ಬ್ಯಾಂಕಿಗೆ ತಲುಪುತ್ತದೆ. ಹಣ ಅಲ್ಲಿ ಇನ್ನೂ ಇದ್ದರೆ ಆ ಬ್ಯಾಂಕು ತಡೆಹಿಡಿಯುತ್ತದೆ. ಮುಂದಿನ ಖಾತೆಗೆ ದಾಟಿದ್ದರೆ ಆ ಖಾತೆಯ ಬೆನ್ನು ಹತ್ತುತ್ತಾರೆ. ಕಳ್ಳರು ಹಣವನ್ನು ಒಂದೇ ಖಾತೆಯಲ್ಲಿ ಬಿಡುವುದಿಲ್ಲ, ನಿಮಿಷಗಳಲ್ಲಿ ನಾಲ್ಕೈದು ಖಾತೆಗೆ ಹಂಚಿ ಯಾವುದೋ ರಾಜ್ಯದ ಎಟಿಎಂನಲ್ಲಿ ತೆಗೆದುಬಿಡುತ್ತಾರೆ. ಒಮ್ಮೆ ಎಟಿಎಂನಿಂದ ನೋಟಾಗಿ ಹೊರಬಂದ ಮೇಲೆ ಹಿಡಿಯುವುದು ಬಹಳ ಕಷ್ಟ.

ಆಮೇಲೆ ಶಾಖೆಗೆ ಬಂದು ದೂರು ಬರೆದುಕೊಟ್ಟು, ಸ್ವೀಕೃತಿ ಮತ್ತು ದೂರಿನ ನಂಬರ್ ತೆಗೆದುಕೊಳ್ಳಿ. ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ತಾಣದಲ್ಲೂ ದೂರು ದಾಖಲಿಸಬಹುದು. ನಮ್ಮ ಜಿಲ್ಲೆಗಳಲ್ಲಿ ಸೈಬರ್ ಅಪರಾಧಕ್ಕೆಂದು ಸೆನ್ ಪೊಲೀಸ್ ಠಾಣೆಗಳಿವೆ. ತಡೆಹಿಡಿದ ಹಣ ವಾಪಸು ಸಿಗುವುದಕ್ಕೆ ಬಹಳಷ್ಟು ಸಲ ನ್ಯಾಯಾಲಯದ ಆದೇಶ ಬೇಕಾಗುತ್ತದೆ. ಆಗ ಈ ಕಾಗದಗಳೇ ಆಧಾರ.

3. ಒಟಿಪಿ ಕೊಡದವರ ಹಣವೂ ಹೋಗುತ್ತದೆ

"ನಾನು ಯಾರಿಗೂ ಒಟಿಪಿ ಹೇಳಿಲ್ಲ ಮೇಡಂ" ಎಂದವರನ್ನು ನಾವು ಬ್ಯಾಂಕಿನವರು ನಂಬುತ್ತಿರಲಿಲ್ಲ. ಹೇಳಿಯೇ ಇರುತ್ತಾರೆ, ಈಗ ಮರೆಮಾಚುತ್ತಿದ್ದಾರೆ ಎಂದೇ ಅಂದುಕೊಳ್ಳುತ್ತಿದ್ದೆವು. ಇದು ನಮ್ಮ ತಪ್ಪು ತಿಳಿವಳಿಕೆ.

ನಮ್ಮ ದೇಶದೊಳಗಿನ ಆನ್‌ಲೈನ್ ವ್ಯಾಪಾರಕ್ಕೆ ಕಾರ್ಡ್ ಬಳಸಿದರೆ ಎರಡನೇ ಹಂತದ ಪರೀಕ್ಷೆ ಇರಲೇಬೇಕೆಂದು ರಿಸರ್ವ್ ಬ್ಯಾಂಕ್ 2009ರಿಂದ ಕಡ್ಡಾಯ ಮಾಡಿದೆ. ಒಟಿಪಿ ಬರುವುದು ಇದಕ್ಕೆ. ಹೊರದೇಶದ ಎಷ್ಟೋ ತಾಣಗಳಿಗೆ ಇದು ಬೇಕಾಗುವುದಿಲ್ಲ. ಕಾರ್ಡಿನ ನಂಬರ್, ಅವಧಿಯ ತಿಂಗಳು-ವರ್ಷ, ಹಿಂಬದಿಯ ಮೂರು ಅಂಕಿ ಇದ್ದರೆ ಹಣ ಎಳೆದುಕೊಳ್ಳುತ್ತವೆ. ಯಾವುದೋ ಅಂಗಡಿಯಲ್ಲಿ ಕಾರ್ಡನ್ನು ಒಳಗೆ ಒಯ್ದು ಎರಡು ನಿಮಿಷ ಬಿಟ್ಟು ತಂದುಕೊಟ್ಟರೆ, ಅಷ್ಟರಲ್ಲಿ ಎರಡೂ ಬದಿಯ ಫೋಟೋ ತೆಗೆಯಲು ಸಮಯ ಸಾಕು. ಕಾರ್ಡ್ ನಿಮ್ಮ ಕಣ್ಣೆದುರೇ ಇರಲಿ, ಮಷಿನ್ ನಿಮ್ಮ ಬಳಿಗೆ ಬರಲಿ. ದುಡ್ಡು ಹಾಕುತ್ತೇವೆ ಎಂದವರಿಗೆ ಕಾರ್ಡಿನ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವವರನ್ನೂ ಬಹಳ ನೋಡಿದ್ದೇನೆ. ನಿಮ್ಮ ಖಾತೆಗೆ ಹಣ ಹಾಕಲು ಖಾತೆ ನಂಬರ್, ಐಎಫ್‌ಎಸ್‌ಸಿ ಕೋಡ್ ಎರಡಿದ್ದರೆ ಆಯಿತು. ಕಾರ್ಡಿನ ಒಂದು ಅಂಕಿಯೂ ಬೇಡ.

ಇನ್ನೊಂದು ದಾರಿ ಇದಕ್ಕಿಂತ ನಯವಾದದ್ದು. "ನಾವು ಬ್ಯಾಂಕಿನವರು, ಪೂರ್ತಿ ಕಾರ್ಡ್ ನಂಬರ್ ಯಾರಿಗೂ ಹೇಳಬೇಡಿ, ಕೊನೆಯ ಆರು ಅಂಕಿ ಮಾತ್ರ ಹೇಳಿ ಸಾಕು" ಎನ್ನುತ್ತಾರೆ. ಕೇಳುವವರಿಗೆ ಇದು ಪ್ರಾಮಾಣಿಕ ಮಾತಿನಂತೆ ಕೇಳಿಸುತ್ತದೆ. ಆದರೆ ಹೊಸದಾಗಿ ಯುಪಿಐ ಪಿನ್ ಹಾಕಿಕೊಳ್ಳಲು ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅವಧಿಯ ದಿನಾಂಕ, ಒಂದು ಒಟಿಪಿ ಬೇಕು. ಅದಕ್ಕೂ ಮೊದಲು ನಿಮ್ಮ ನಂಬರಿನಿಂದ ಒಂದು ಮೆಸೇಜು ಹೋಗಬೇಕು. ಫೋನ್ ನಿಮ್ಮದೇ ಎಂದು ಬ್ಯಾಂಕಿನ ವ್ಯವಸ್ಥೆ ಗುರುತು ಹಿಡಿಯುವುದು ಅದರಿಂದ. ಹಾಗಾಗಿ ಅರ್ಥವಾಗದ ಅಕ್ಷರಗಳ ಒಂದು ಸಾಲನ್ನು ನಿಮಗೆ ಕಳಿಸಿ, "ಇದನ್ನು ಈ ನಂಬರಿಗೆ ಫಾರ್ವರ್ಡ್ ಮಾಡಿ, ನಿಮ್ಮ ದೂರು ದಾಖಲಾಗುತ್ತದೆ" ಎನ್ನುತ್ತಾರೆ. ನೀವು ಫಾರ್ವರ್ಡ್ ಮಾಡಿದ ಕ್ಷಣ ಕಳ್ಳನ ಕೈಲಿರುವ ಫೋನು ನಿಮ್ಮದೆಂದು ದಾಖಲಾಗುತ್ತದೆ. ಬೇರೆಯವರು ಬರೆದುಕೊಟ್ಟ ಮೆಸೇಜನ್ನು ನಿಮ್ಮ ಫೋನಿನಿಂದ ಕಳಿಸುವುದೂ ಸಹಿ ಹಾಕಿಕೊಟ್ಟಂತೆಯೇ ಎಂದು ನಾನು ಜನರಿಗೆ ಹೇಳುತ್ತಿದ್ದೆ. ಖಾಲಿ ಚೆಕ್ಕಿಗೆ ಸಹಿ ಹಾಕಬಾರದು ಎನ್ನುವುದು ನಮ್ಮ ರೈತರಿಗೆ ಚೆನ್ನಾಗಿ ಗೊತ್ತು. ಹಾಗೆ ಹೇಳಿದಾಗ ತಟ್ಟನೆ ಅರ್ಥವಾಗುತ್ತಿತ್ತು.

4. ಬೇಡದ ಸ್ವಿಚ್ಚುಗಳನ್ನು ಆರಿಸಿಡಿ

ಇದು ಯಾರೂ ಬಳಸದ, ಬಹಳ ಒಳ್ಳೆಯ ಸೌಲಭ್ಯ. ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಹೊರಡಿಸಿದ ಆದೇಶದಂತೆ ಹೊಸ ಕಾರ್ಡ್ ಕೊಡುವಾಗ ಅದು ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಮಷಿನ್‌ಗಳಲ್ಲಿ ಮಾತ್ರ ನಡೆಯುವಂತಿರಬೇಕು. ಆನ್‌ಲೈನ್ ಬಳಕೆ, ವಿದೇಶಿ ಬಳಕೆ, ಮುಟ್ಟಿಸಿದರೆ ಸಾಕು ಹಣ ಹೋಗುವ ಟ್ಯಾಪ್ ಸೌಲಭ್ಯ ಇವೆಲ್ಲ ನೀವು ಕೇಳಿದ ಮೇಲೆ ತೆರೆಯುವಂಥವು. ಪ್ರತಿಯೊಂದನ್ನೂ ಬೇಕಾದಾಗ ಹಾಕುವ, ಬೇಡವಾದಾಗ ಆರಿಸುವ, ದಿನಕ್ಕೆ ಇಷ್ಟೇ ಎಂದು ಮಿತಿ ಇಡುವ ಅನುಕೂಲವನ್ನೂ ಬ್ಯಾಂಕುಗಳು ಕೊಡಬೇಕು.

ತಿಂಗಳಿಗೊಮ್ಮೆ ಪಿಂಚಣಿ ತೆಗೆಯುವವರಿಗೆ ವಿದೇಶಿ ಬಳಕೆ ಏಕೆ? ಮೂರನೇ ಪಾಠದಲ್ಲಿ ಹೇಳಿದ ಒಟಿಪಿಯಿಲ್ಲದ ಕಳ್ಳತನ ಆ ಒಂದು ಸ್ವಿಚ್ ಆರಿಸಿದರೆ ನಿಲ್ಲುತ್ತದೆ. ಟ್ಯಾಪ್‌ನಲ್ಲಿ ಪಿನ್ ಇಲ್ಲದೆ ಒಂದು ಸಲಕ್ಕೆ 5,000 ರೂಪಾಯಿವರೆಗೆ ಹೋಗುತ್ತದೆ (2021ರ ಜನವರಿ 1ಕ್ಕೆ ಮೊದಲು ಇದು 2,000 ಇತ್ತು). ಬಸ್ಸಿನಲ್ಲಿ ಕಳೆದ ಕಾರ್ಡ್ ಯಾರಿಗೋ ಸಿಕ್ಕಿ, ನಿಮಗೆ ಗೊತ್ತಾಗುವ ಮೊದಲೇ ಎರಡು ಅಂಗಡಿಯಲ್ಲಿ ಮುಟ್ಟಿಸಿಬಿಟ್ಟರೆ ಹತ್ತು ಸಾವಿರ. ಎಟಿಎಂ ಮಿತಿಯನ್ನೂ ಮನೆಯ ಅಗತ್ಯಕ್ಕೆ ಇಳಿಸಿಡಿ. ಆಸ್ಪತ್ರೆಗೆ ದಿಢೀರನೆ ಬೇಕಾದರೆ ಏನು ಮಾಡುವುದು ಎಂದು ಕೇಳುತ್ತಾರೆ. ಆ್ಯಪ್‌ನಲ್ಲಿ ಮಿತಿ ಏರಿಸಲು ಒಂದು ನಿಮಿಷ ಸಾಕು. ಆ್ಯಪ್ ಬಳಸದವರು ಶಾಖೆಗೆ ಬಂದು ಅರ್ಜಿ ಕೊಟ್ಟರೆ ನಾವೇ ಮಾಡಿಕೊಡುತ್ತಿದ್ದೆವು.

5. ಎಟಿಎಂ ಕೋಣೆಯಲ್ಲಿ ಸಹಾಯ ಮಾಡುವವರು

ಸಂತೆಯ ದಿನ, ಹಬ್ಬದ ಹಿಂದಿನ ದಿನ ಎಟಿಎಂ ಮುಂದೆ ಸಾಲು ಇರುತ್ತದೆ. ಅಜ್ಜಿಯೊಬ್ಬಳು ಪರದಾಡುತ್ತಾಳೆ. ಹಿಂದಿನ ಹುಡುಗ "ಕೊಡಿ ಅಜ್ಜಿ, ನಾನು ತೆಗೆದುಕೊಡ್ತೀನಿ" ಎಂದು ಕಾರ್ಡ್ ಇಸಿದುಕೊಂಡು, ಪಿನ್ ಕೇಳಿ ಒತ್ತಿ, ಎರಡು ಸಾವಿರ ತೆಗೆದು ಕೈಗಿಟ್ಟು, ಕಾರ್ಡ್ ವಾಪಸು ಕೊಡುತ್ತಾನೆ. ಅಜ್ಜಿ ಹರಸಿ ಮನೆಗೆ ಹೋಗುತ್ತಾಳೆ. ಮುಂದಿನ ತಿಂಗಳು ಬಂದರೆ ಕಾರ್ಡ್ ನಡೆಯುವುದಿಲ್ಲ. ಏಕೆಂದರೆ ಅದು ಅವಳದಲ್ಲ, ಅದೇ ಬಣ್ಣದ ಬೇರೆ ಯಾರದೋ ಸತ್ತ ಕಾರ್ಡ್. ಅವಳದು ಹುಡುಗನ ಜೇಬಿನಲ್ಲಿ ಹೋಗಿದೆ, ಪಿನ್ ಅವನ ತಲೆಯಲ್ಲಿದೆ.

ಈ ಅದಲುಬದಲು ಇಷ್ಟು ಸುಲಭವಾಗಲು ಒಂದು ಕಾರಣ ನಮ್ಮಲ್ಲೇ ಇತ್ತು. ಖಾತೆ ತೆರೆದ ದಿನವೇ ಕೈಗೆ ಕೊಡುವ ಕಾರ್ಡುಗಳ ಮೇಲೆ ಹೆಸರೇ ಇರುವುದಿಲ್ಲ. ಎಲ್ಲವೂ ಒಂದೇ ಥರ. ಅದು ಗೊತ್ತಾದ ಮೇಲೆ ವಯಸ್ಸಾದವರಿಗೆ ಹೆಸರು ಅಚ್ಚಾದ ಕಾರ್ಡಿಗೇ ಅರ್ಜಿ ಹಾಕಿಸುತ್ತಿದ್ದೆ. ಅದು ಬರುವವರೆಗೆ ಕಾರ್ಡಿನ ಮೂಲೆಯಲ್ಲಿ, ಚಿಪ್ಪಿಗೂ ಕಪ್ಪು ಪಟ್ಟಿಗೂ ತಾಗದಂತೆ, ಉಗುರು ಬಣ್ಣದ ಒಂದು ಬೊಟ್ಟು ಇಡಿಸುತ್ತಿದ್ದೆ. ಓದು ಬಾರದವರಿಗೂ "ನನ್ನ ಕಾರ್ಡಿಗೆ ಕೆಂಪು ಬೊಟ್ಟು" ಎಂದು ನೆನಪಿರುತ್ತದೆ. ಇಷ್ಟಾಗಿಯೂ ಮಷಿನ್ ಮುಂದೆ ಭಯವಾಗುವವರು ಶಾಖೆಗೆ ಬಂದು ವಿತ್‌ಡ್ರಾವಲ್ ಚೀಟಿಯಲ್ಲೇ ಹಣ ತೆಗೆಯಲಿ. ಅವರನ್ನು "ಎಟಿಎಂಗೆ ಹೋಗಿ" ಎಂದು ಗದರಿ ಕಳಿಸುವ ಸಿಬ್ಬಂದಿಯನ್ನು ನಾನು ಒಪ್ಪುವುದಿಲ್ಲ. ಕಾರ್ಡೇ ಬೇಡ ಎಂದು ವಾಪಸು ಕೊಡುವ ಹಕ್ಕೂ ಗಿರಾಕಿಗೆ ಇದೆ.

6. ಸಹಾಯವಾಣಿ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ

ಎಟಿಎಂನಲ್ಲಿ ಹಣ ಬರಲಿಲ್ಲ, ಖಾತೆಯಿಂದ ಮಾತ್ರ ಕಳೆಯಿತು. ಗಾಬರಿಯಾಗುತ್ತದೆ. ಬ್ಯಾಂಕಿನ ಹೆಸರು ಹಾಕಿ ಗೂಗಲ್‌ನಲ್ಲಿ ಹುಡುಕುತ್ತಾರೆ. ಮೊದಲಿಗೆ ಸಿಗುವ ನಂಬರ್ ಕಳ್ಳರು ಹಾಕಿಟ್ಟದ್ದಾಗಿರಬಹುದು. ಇಲ್ಲಿ ವಿಶೇಷವೇನೆಂದರೆ ನೀವೇ ಕರೆ ಮಾಡಿದ್ದರಿಂದ ಸಂಶಯವೇ ಬರುವುದಿಲ್ಲ. ಇಂಜಿನಿಯರೊಬ್ಬರು ಹೀಗೆ ಸಿಕ್ಕಿಬಿದ್ದದ್ದನ್ನು ನೋಡಿದ್ದೇನೆ. ಎದುರಿನವನು ಹೇಳಿದಂತೆ ಫೋನಿನ ಪರದೆ ತೋರಿಸುವ ಆ್ಯಪ್ ಒಂದನ್ನು ಹಾಕಿಕೊಂಡಿದ್ದರು. ಆಮೇಲೆ ಒಟಿಪಿ ಕೇಳುವ ಅಗತ್ಯವೇ ಇರಲಿಲ್ಲ, ಅವನಿಗೇ ಕಾಣುತ್ತಿತ್ತು. ಇಂಥದ್ದೇ ಎನಿಡೆಸ್ಕ್ ಆ್ಯಪ್‌ನ ದುರುಪಯೋಗದ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ಎಟಿಎಂನಲ್ಲಿ ಸಿಕ್ಕಿಕೊಂಡ ಹಣಕ್ಕೆ ಯಾರಿಗೂ ಫೋನ್ ಮಾಡದಿದ್ದರೂ ನಡೆಯುತ್ತದೆ. ಹಾಗೆ ಕಳೆದ ಹಣವನ್ನು ಐದು ದಿನದೊಳಗೆ ಬ್ಯಾಂಕು ತಾನಾಗಿ ಖಾತೆಗೆ ಮರಳಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು 2019ರ ಅಕ್ಟೋಬರ್‌ನಿಂದ ನಿಯಮವಿದೆ. ಇದು ಗೊತ್ತಿದ್ದರೆ ಗಾಬರಿಯೇ ಇರುವುದಿಲ್ಲ. ಕಾರ್ಡ್ ಮಷಿನ್ನಿನಲ್ಲೇ ಸಿಕ್ಕಿಕೊಂಡು, ಪಕ್ಕದ ಗೋಡೆಯ ಮೇಲೆ ಯಾವುದೋ ಚೀಟಿಯಲ್ಲಿ ಮೊಬೈಲ್ ನಂಬರ್ ಬರೆದಿದ್ದರೆ ಅದಕ್ಕೂ ಕರೆ ಮಾಡಬೇಡಿ. ಕಾರ್ಡ್ ಅಂಟಿಕೊಳ್ಳುವಂತೆ ಮಾಡಿದವರೇ ಆ ಚೀಟಿ ಅಂಟಿಸಿರುತ್ತಾರೆ.

7. ವಿಳಾಸವನ್ನು ಹಿಂದಿನಿಂದ ಓದಿ

ಮೇಷ್ಟ್ರಿಗೆ ಬಂದ ಲಿಂಕಿನಲ್ಲಿ ನಮ್ಮ ಬ್ಯಾಂಕಿನ ಹೆಸರಿತ್ತು. ಅದನ್ನು ನೋಡಿಯೇ ಅವರು ನಂಬಿದ್ದು. ಲಿಂಕನ್ನು ಅಂಚೆ ವಿಳಾಸದಂತೆ ಓದಬೇಕು ಎಂದು ಆಮೇಲೆ ನಾನು ಹೇಳಿಕೊಡಲು ಶುರು ಮಾಡಿದೆ. ರಾಮಪುರ ಎನ್ನುವ ಊರು ರಾಜ್ಯದಲ್ಲಿ ಹತ್ತಾರು ಇವೆ. ಯಾವ ರಾಮಪುರ ಎಂದು ಗೊತ್ತಾಗುವುದು ಕೊನೆಯಲ್ಲಿರುವ ತಾಲ್ಲೂಕು, ಜಿಲ್ಲೆಯಿಂದ. ಲಿಂಕಿನಲ್ಲೂ ಆರಂಭದ ಜೋಡಿ ಓರೆಗೀಟು ಬಿಟ್ಟು, ಆಮೇಲೆ ಬರುವ ಮೊದಲ ಓರೆಗೀಟಿಗೆ ಹಿಂದೆ ಇರುವ ಕೊನೆಯ ಭಾಗವೇ ನಿಜವಾದ ಜಿಲ್ಲೆ. ಮುಂದೆ ಎಷ್ಟು ದೊಡ್ಡ ಬ್ಯಾಂಕಿನ ಹೆಸರಿದ್ದರೂ ಅದು ಯಾರು ಬೇಕಾದರೂ ಬರೆದುಕೊಳ್ಳಬಹುದಾದ ಊರ ಹೆಸರು ಮಾತ್ರ.

ಈಗ ಇದು ಸ್ವಲ್ಪ ಸುಲಭವಾಗಿದೆ. ಬ್ಯಾಂಕುಗಳೆಲ್ಲ ತಮ್ಮ ತಾಣಗಳನ್ನು ಡಾಟ್ ಬ್ಯಾಂಕ್ ಡಾಟ್ ಇನ್ ಎಂದು ಮುಗಿಯುವ ವಿಳಾಸಕ್ಕೆ ಬದಲಿಸಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಆ ವಿಳಾಸ ಬ್ಯಾಂಕುಗಳಿಗೆ ಮಾತ್ರ ಮೀಸಲು. ಬ್ಯಾಂಕಿನ ವ್ಯವಹಾರದ ಕರೆಗಳಿಗೂ 1600ರಿಂದ ಶುರುವಾಗುವ ಸಂಖ್ಯೆಗಳನ್ನು ಮೀಸಲಿಟ್ಟಿದ್ದಾರೆ. ಹತ್ತು ಅಂಕಿಯ ಮಾಮೂಲಿ ಮೊಬೈಲಿನಿಂದ "ಹೆಡ್ ಆಫೀಸಿನಿಂದ ಮಾತಾಡ್ತಿದೀವಿ" ಎಂದರೆ ಫೋನ್ ಇಟ್ಟುಬಿಡಿ. ಕೆಲಸ ನಿಜವಿದ್ದರೆ ಕಾರ್ಡಿನ ಹಿಂದಿನ ನಂಬರಿಗೆ ನೀವೇ ಮಾಡಿ ಕೇಳಿ.

ಬ್ಯಾಂಕುಗಳು ಒಂದಾಗುವ ಕಾಲದಲ್ಲಿ ಇನ್ನಷ್ಟು ಎಚ್ಚರ ಬೇಕು. ನಮ್ಮ ರಾಜ್ಯದವರು ಇದನ್ನು ಬಹಳ ಕಂಡಿದ್ದಾರೆ: 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ ಬ್ಯಾಂಕ್, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್, 2025ರ ಮೇ 1ರಂದು ಎರಡು ಗ್ರಾಮೀಣ ಬ್ಯಾಂಕುಗಳು ಸೇರಿ ಒಂದು. ಹೆಸರು, ಐಎಫ್‌ಎಸ್‌ಸಿ, ಕಾರ್ಡ್ ಎಲ್ಲ ಬದಲಾಗುವ ಕಾಲದಲ್ಲಿ "ಹೊಸ ಕಾರ್ಡಿಗೆ ಹಳೆ ಕಾರ್ಡಿನ ವಿವರ ಹೇಳಿ" ಎಂಬ ಮಾತು ಸಹಜವಾಗಿಯೇ ಕೇಳಿಸುತ್ತದೆ.

8. ಮದುವೆ ಕರೆಯೋಲೆ ಎಪಿಕೆ ಆಗಿ ಬಂದರೆ ತೆರೆಯಬೇಡಿ

ವಾಟ್ಸ್‌ಆ್ಯಪ್‌ನಲ್ಲಿ ಲಗ್ನಪತ್ರಿಕೆ, ಟ್ರಾಫಿಕ್ ದಂಡದ ಚಲನ್, ಕಿಸಾನ್ ಯೋಜನೆಯ ಪಟ್ಟಿ ಎಂಬ ಹೆಸರಿನಲ್ಲಿ ಬರುವ ಫೈಲಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಚಿತ್ರವೂ ಅಲ್ಲ, ಕಾಗದವೂ ಅಲ್ಲ, ಒಂದು ಆ್ಯಪ್. ಒಳಗೆ ಕೂತು ನಿಮ್ಮ ಮೆಸೇಜುಗಳನ್ನು ಓದಿ ಕಳ್ಳನಿಗೆ ಕಳಿಸುತ್ತದೆ. ಕಳಿಸಿದವರು ನಿಮ್ಮ ಭಾವಮೈದುನನೇ ಇರಬಹುದು, ಅವನ ಫೋನ್ ಈಗಾಗಲೇ ಕೆಟ್ಟಿದೆ ಎಂದರ್ಥ. ಒತ್ತಿಬಿಟ್ಟಿದ್ದರೆ ಕೂಡಲೇ ಮೊಬೈಲ್ ಡೇಟಾ, ವೈಫೈ ಎರಡೂ ಆರಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ಮಾತಾಡಿ.

9. ಮೊಬೈಲ್ ನಂಬರ್ ಬದಲಾದರೆ ಮೊದಲು ಬ್ಯಾಂಕಿಗೆ ತಿಳಿಸಿ

ಖಾತೆ ತೆರೆಯುವಾಗ ಪಕ್ಕದ ಮನೆಯ ಹುಡುಗನ ನಂಬರ್ ಕೊಟ್ಟವರಿದ್ದಾರೆ. ರೀಚಾರ್ಜ್ ಮಾಡಿಸದೆ ಬಿಟ್ಟ ಸಿಮ್ಮಿನ ನಂಬರ್ ಕೆಲವು ತಿಂಗಳಲ್ಲಿ ಬೇರೆಯವರಿಗೆ ಹಂಚಿಕೆಯಾಗುತ್ತದೆ, ಆಮೇಲೆ ನಿಮ್ಮ ಒಟಿಪಿ ಅವರ ಫೋನಿಗೆ ಬರುತ್ತದೆ. ಹಣ ಹೋದ ಮೆಸೇಜೇ ಕೈಗೆ ಬರದಿದ್ದರೆ ಎರಡನೇ ಪಾಠದ ಮೊದಲ ಗಂಟೆ ಶುರುವಾಗುವುದೇ ಇಲ್ಲ. ಇದ್ದಕ್ಕಿದ್ದಂತೆ ಗಂಟೆಗಟ್ಟಲೆ ಸಿಗ್ನಲ್ ಇಲ್ಲದೆ, ಪಕ್ಕದವರ ಅದೇ ಕಂಪನಿಯ ಫೋನಿಗೆ ಸಿಗ್ನಲ್ ಇದ್ದರೆ, ನಿಮ್ಮ ಹೆಸರಿನಲ್ಲಿ ಇನ್ನೊಂದು ಸಿಮ್ ತೆಗೆದಿರಬಹುದು. ವಿಚಾರಿಸಿ.

10. ಕಾರ್ಡ್ ಇರುವ ಖಾತೆಯಲ್ಲಿ ಬದುಕಿನ ಗಳಿಕೆ ಇಡಬೇಡಿ

ಜಮೀನು ಮಾರಿದ ಹಣವನ್ನೋ ಗ್ರಾಚ್ಯುಟಿಯನ್ನೋ ಎಸ್‌ಬಿ ಖಾತೆಯಲ್ಲೇ ಬಿಟ್ಟವರಿಗೆ ನಾನು ಎರಡನೇ ಖಾತೆ ತೆರೆಸುತ್ತಿದ್ದೆ. ಅದಕ್ಕೆ ಕಾರ್ಡಿಲ್ಲ, ಯುಪಿಐ ಇಲ್ಲ, ನೆಟ್ ಬ್ಯಾಂಕಿಂಗ್ ಇಲ್ಲ. ಕಾರ್ಡಿನ ಖಾತೆಗೆ ತಿಂಗಳ ಖರ್ಚಿನಷ್ಟೇ. ನನ್ನ ಮಟ್ಟಿಗೆ ಇದಕ್ಕಿಂತ ಗಟ್ಟಿಯಾದ ಬೀಗವಿಲ್ಲ. ಮನುಷ್ಯ ಅಂದಮೇಲೆ ಯಾವತ್ತೋ ಒಂದು ದಿನ ಜ್ವರದಲ್ಲೋ ಸಂಕಟದಲ್ಲೋ ಮೈಮರೆಯುತ್ತಾನೆ. ಮೈಮರೆತ ದಿನ ಹೋಗುವ ಹಣ ಎಷ್ಟಿರಬೇಕು ಎನ್ನುವುದನ್ನಾದರೂ ಮೊದಲೇ ನಿಶ್ಚಯಿಸಬಹುದು.

"ನಂದು ಎಫ್‌ಡಿಯಲ್ಲಿದೆ, ಭಯವಿಲ್ಲ" ಎನ್ನುವವರಿಗೆ ಒಂದು ಮಾತು. ಕೆಲವು ಎಫ್‌ಡಿಗಳು ಎಸ್‌ಬಿ ಖಾತೆಗೆ ಜೋಡಿಸಿದವು. ಎಸ್‌ಬಿಯಲ್ಲಿ ಹಣ ಸಾಲದೇ ಬಂದರೆ ಎಫ್‌ಡಿ ತಾನಾಗಿ ಮುರಿದು ತುಂಬಿಕೊಡುತ್ತದೆ. ಸ್ವೀಪ್ ಎನ್ನುತ್ತಾರೆ. ಅನುಕೂಲವೇ ಹೌದು, ಆದರೆ ಆ ಅನುಕೂಲ ಕಾರ್ಡ್ ಹಿಡಿದ ಕಳ್ಳನಿಗೂ ಅಷ್ಟೇ ಸಿಗುತ್ತದೆ. ಸ್ವೀಪ್ ಇಲ್ಲದಿದ್ದರೂ ನೆಟ್ ಬ್ಯಾಂಕಿಂಗ್ ಒಳಹೊಕ್ಕವನು ಎಫ್‌ಡಿಯನ್ನು ಅಲ್ಲೇ ಮುರಿಯಬಹುದು. ನಿಮ್ಮ ಎಫ್‌ಡಿ ಯಾವ ಬಗೆಯದೆಂದು ಶಾಖೆಯಲ್ಲಿ ಕೇಳಿ ತಿಳಿದುಕೊಳ್ಳಿ.

11. ಹೆಬ್ಬೆಟ್ಟಿಗೂ ಬೀಗವಿದೆ

ಎಟಿಎಂ ಕಾರ್ಡನ್ನೇ ಬಳಸದ ಒಬ್ಬರ ಖಾತೆಯಿಂದ ಹತ್ತು ಸಾವಿರ ಹೋಗಿತ್ತು. ಆಧಾರ್ ನಂಬರ್, ಬೆರಳಚ್ಚು ಕೊಟ್ಟು ಹಣ ತೆಗೆಯುವ ವ್ಯವಸ್ಥೆಯಿಂದ. ನೋಂದಾಯಿತ ಆಸ್ತಿ ಪತ್ರಗಳಿಂದ ಹೆಬ್ಬೆಟ್ಟಿನ ಗುರುತು ಎತ್ತಿ ನಕಲು ಮಾಡಿ ಹೀಗೆ ಹಣ ತೆಗೆದ ದೂರುಗಳು 2023ರಲ್ಲಿ ನಮ್ಮ ರಾಜ್ಯದಲ್ಲಿ ಸಾಲುಸಾಲಾಗಿ ಬಂದವು. ಆಧಾರ್ ಆ್ಯಪ್‌ನಲ್ಲಿ ಬಯೊಮೆಟ್ರಿಕ್ ಲಾಕ್ ಎಂದಿದೆ. ಹಾಕಿಡಿ, ಬೇಕಾದಾಗ ಸ್ವಲ್ಪ ಹೊತ್ತಿಗೆ ತೆಗೆಯಬಹುದು. ರೇಷನ್ ಅಂಗಡಿಯಲ್ಲಿ ಬೆರಳು ಕೊಡಬೇಕಾದವರು ಅದನ್ನು ನೆನಪಿಟ್ಟುಕೊಂಡಿರಬೇಕು.

12. ನಷ್ಟ ಯಾರದು ಎಂಬುದನ್ನು ಗಡಿಯಾರ ನಿರ್ಧರಿಸುತ್ತದೆ

2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯನ್ನು ನನ್ನ ಮೇಜಿನ ಗಾಜಿನ ಕೆಳಗೇ ಇಟ್ಟುಕೊಂಡಿದ್ದೆ. ನಾನು ಸೇವೆಯಲ್ಲಿದ್ದಾಗ ಗಿರಾಕಿಗಳ ಪರವಾಗಿ ಬರೆದ ಪತ್ರಗಳಿಗೆಲ್ಲ ಅದೇ ಆಸರೆ. ಅದರ ಪ್ರಕಾರ ತಪ್ಪು ಬ್ಯಾಂಕಿನದಾದರೆ ಗಿರಾಕಿಯ ಮೇಲೆ ಹೊಣೆಯೇ ಇಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗಿರಾಕಿಯದೂ ಅಲ್ಲ, ನಡುವೆ ಎಲ್ಲೋ ಸೋರಿದೆ ಎಂದಾದರೆ, ಮೆಸೇಜು ಬಂದ ದಿನ ಬಿಟ್ಟು ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೂ ಹೊಣೆ ಇಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಸಾಮಾನ್ಯ ಎಸ್‌ಬಿ ಖಾತೆಯವರ ಹೊಣೆ ಒಂದು ವಹಿವಾಟಿಗೆ ಹೆಚ್ಚೆಂದರೆ 10,000 ರೂಪಾಯಿ, ಮೂಲ ಉಳಿತಾಯ ಖಾತೆಯವರದು 5,000. ಏಳು ದಿನ ದಾಟಿದರೆ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯಂತೆ. ಗಿರಾಕಿಯದೇ ತಪ್ಪೆಂದು ಸಾಬೀತು ಮಾಡುವ ಭಾರವೂ ಬ್ಯಾಂಕಿನ ಮೇಲೇ ಇದೆ.

ಗಿರಾಕಿಯೇ ಪಿನ್, ಒಟಿಪಿ ಕೊಟ್ಟಿದ್ದರೆ? ದೂರು ಕೊಡುವವರೆಗಿನ ನಷ್ಟ ಅವರದು. ದೂರು ಕೊಟ್ಟ ಕ್ಷಣದ ನಂತರ ಹೋದದ್ದು ಬ್ಯಾಂಕಿನದು. ಈ ಸಾಲನ್ನು ಬಹಳ ಜನ ಓದಿರುವುದಿಲ್ಲ. ತಪ್ಪು ನನ್ನದೇ, ದೂರು ಕೊಟ್ಟು ಏನು ಉಪಯೋಗ ಎಂದು ಕೂರುತ್ತಾರೆ. ತಪ್ಪು ನಿಮ್ಮದೇ ಆಗಿದ್ದರೆ ಇನ್ನೂ ಬೇಗ ಓಡಿ ಬರಬೇಕು. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ, ಉತ್ತರ ಸರಿಯೆನಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ವಕೀಲರೂ ಬೇಡ, ಶುಲ್ಕವೂ ಇಲ್ಲ.

13. ಕಾರ್ಡನ್ನು ಬಾಡಿಗೆಗೆ ಕೊಡಬೇಡಿ

ಕಾಲೇಜಿನ ಹುಡುಗರು ಖಾತೆ ತೆರೆದು, ಕಾರ್ಡ್, ಸಿಮ್, ಪಿನ್ ಎಲ್ಲವನ್ನೂ ಯಾರಿಗೋ ಕೊಟ್ಟು ಐದೋ ಹತ್ತೋ ಸಾವಿರ ಇಸಿದುಕೊಳ್ಳುತ್ತಾರೆ. ಇಂಥ ಖಾತೆಗಳಿಲ್ಲದೆ ಮೇಷ್ಟ್ರ ಹಣ ಎಲ್ಲಿಗೂ ಹೋಗುವಂತಿರಲಿಲ್ಲ. ಹೊರ ರಾಜ್ಯದ ಪೊಲೀಸರು ಬಂದು ವಿಚಾರಿಸುವುದು ಆ ಹುಡುಗನ ಮನೆಯಲ್ಲಿ, ಆರೋಪಿಯಾಗುವುದೂ ಅವನೇ. ನನ್ನ ಶಾಖೆಯಲ್ಲೇ ಒಬ್ಬ ತಾಯಿ ಎರಡು ಗಂಟೆ ಕೂತು ಅತ್ತಿದ್ದಾಳೆ. ಅವಳ ಮಗನಿಗೆ ಸಿಕ್ಕಿದ್ದು ಐದು ಸಾವಿರ.

14. ಮೊದಲು ಕೇಳಬೇಕಾದ ಪ್ರಶ್ನೆ

ಮೇಷ್ಟ್ರು ಬಂದುಹೋದ ಮೇಲೆ ನಾನು ಕೇಳುವ ಮೊದಲ ಪ್ರಶ್ನೆಯನ್ನು ಬದಲಿಸಿಕೊಂಡೆ. "ಯಾಕೆ ಕೊಟ್ರಿ?" ಎನ್ನುವುದನ್ನು ಬಿಟ್ಟೆ. "ಎಷ್ಟು ಹೊತ್ತಾಯ್ತು?" ಎಂದು ಕೇಳತೊಡಗಿದೆ. ಸಿಬ್ಬಂದಿಗೂ ಅದನ್ನೇ ಹೇಳಿಕೊಟ್ಟೆ. ಇಂಥವರು ಬಂದರೆ ಸಾಲಿನಲ್ಲಿ ನಿಲ್ಲಿಸಬೇಡಿ, ನೇರ ಒಳಗೆ ಕಳಿಸಿ ಎಂದೆ.

ನಿವೃತ್ತಿಗೆ ಒಂದು ತಿಂಗಳಿರುವಾಗ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಓಡಿಬಂದಳು. ಫೀಸು ಕಟ್ಟಲು ಅಪ್ಪ ಹಾಕಿದ್ದ ಹಣ. ಹಾಸ್ಟೆಲ್ಲಿನಿಂದ ಬರುವ ದಾರಿಯುದ್ದಕ್ಕೂ ಕಳ್ಳ ಫೋನ್ ಕಟ್ ಮಾಡಲು ಬಿಟ್ಟಿರಲಿಲ್ಲ, ಕರೆ ಇನ್ನೂ ನಡೆಯುತ್ತಿತ್ತು. ಫೋನ್ ಕೈಗೆ ತೆಗೆದುಕೊಂಡು ಕಟ್ ಮಾಡಿದೆ. "ಎಷ್ಟು ಹೊತ್ತಾಯ್ತು ಮಗಾ?" ಎಂದೆ. ಇಪ್ಪತ್ತು ನಿಮಿಷ. ನಮ್ಮ ಅಧಿಕಾರಿ ಖಾತೆಗೆ ಫ್ರೀಜ್ ಹಾಕುವಷ್ಟರಲ್ಲಿ ನಾನು 1930 ಹಿಡಿದೆ. ಹೋದದ್ದರಲ್ಲಿ ಸುಮಾರು ಅರ್ಧದಷ್ಟು ಮುಂದಿನ ಖಾತೆಯಲ್ಲಿ ನಿಂತಿತು.

ಅವಳಿಗೆ ಅದು ಸಮಾಧಾನ ತರಲಿಲ್ಲ. "ಅಪ್ಪಂಗೆ ಹೇಳ್ಲೇಬೇಕಾ ಮೇಡಂ?" ಎಂದು ಕೇಳಿದಳು. ಹೇಳು, ಇಲ್ಲಿಂದಲೇ ಮಾಡು, ನಾನಿದೀನಿ ಎಂದೆ. ಸ್ಪೀಕರ್ ಹಾಕಿ, ಅಳುತ್ತ, ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಟ್ರ್ಯಾಕ್ಟರಿನ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಆಮೇಲೆ ಟ್ರ್ಯಾಕ್ಟರೂ ನಿಂತಿತು.

"ಊಟ ಮಾಡಿದ್ಯೇನವ್ವಾ?" ಎಂದರು.